ಬಿಜ್ಲಿ, ನಮ್ರತಾ ಮತ್ತು ಒಂದು ಜೋಡಿ ಮಣ್ಣಿನ ನಾಯಿ

"ಸೋಮವಾರದಿಂದ ಈ ಮನೆಯಲ್ಲಿ ಒಂದೇ ಒಂದು ಸುಳ್ಳೂ ಪ್ರಸಾರವಾಗುವುದಿಲ್ಲ."

ವಿಷ್ಣುಪ್ರಸಾದ್ ಹೀಗೆ ಘೋಷಿಸಿದಾಗ ಅವನ ಕೈಯಲ್ಲಿದ್ದದ್ದು ರಾಜದಂಡವಲ್ಲ, ಟೀವಿಯ ರಿಮೋಟು. ಆದರೆ ಬಿಟ್ಟಂಗಾಲದ ಆ ಪುಟ್ಟ ಮನೆಯ ನಡುಕೋಣೆಯಲ್ಲಿ ಅವನು ನಿಂತಿದ್ದ ಭಂಗಿಗೆ ಒಂದು ಸಿಂಹಾಸನ ಮಾತ್ರ ಕಡಿಮೆಯಿತ್ತು. ಶಾಸನ ಕೇಳಿಸಿಕೊಳ್ಳಲು ಇದ್ದ ಪ್ರಜೆಯೂ ಒಬ್ಬಳೇ. ಹೆಂಡತಿ ಗೋಮತಿ ಮೊರದ ಅಕ್ಕಿಯಿಂದ ತಲೆ ಎತ್ತದೆ, ಸ್ವಲ್ಪ ಹೊತ್ತು ಯೋಚಿಸಿ, "ಟೀವಿಯವರು ನಿಮ್ಮ ಮಾತು ಕೇಳ್ತಾರಾ?" ಎಂದಳು.

"ಟೀವಿಯವರ ವಿಷಯ ಅಲ್ಲ. ನಾನು ಹೇಳ್ತಿರುವುದು ಮುದ್ದಿಯ ವಿಷಯ."

ಅಕ್ಕಿಯಲ್ಲಿ ಆಡುತ್ತಿದ್ದ ಗೋಮತಿಯ ಬೆರಳು ನಿಂತಿತು. ವಿಷ್ಣುಪ್ರಸಾದ್ ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ.

ಅವನು ರಸಾಯನಶಾಸ್ತ್ರದ ಪದವೀಧರ. ಗೋಣಿಕೊಪ್ಪಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಗುಣಮಟ್ಟ ನೋಡುವ ಕೆಲಸ. ಬೆಳೆಗಾರರು ತರುವ ಚೀಲಕ್ಕೆ ಕೊಳವೆ ಚುಚ್ಚಿ ಹಿಡಿಯಷ್ಟು ಕಾಫಿ ತೆಗೆದು, ಯಂತ್ರಕ್ಕೆ ಹಾಕಿ, ತೇವ ಎಷ್ಟಿದೆ ಎಂದು ಹೇಳಬೇಕು. ಸಿಪ್ಪೆ ಕಳೆದರೆ ಒಳ್ಳೆಯ ಕಾಳು ಎಷ್ಟು ಉಳಿಯುತ್ತದೆ ಎಂದು ಹೇಳಬೇಕು. ಕೊನೆಗೆ ಅದನ್ನು ಹುರಿದು, ಪುಡಿ ಮಾಡಿ, ಬಿಸಿನೀರು ಹಾಕಿ, ಸೊರ್ರೆಂದು ಹೀರಿ, ಬಾಯಲ್ಲಿ ಆಡಿಸಿ, ಉಗುಳಿ, ರುಚಿ ಎಂಥದು ಎಂದು ತೀರ್ಪು ಕೊಡಬೇಕು. ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಎಂಥ ದೊಡ್ಡ ಎಸ್ಟೇಟಿನ ಯಜಮಾನನೂ ಅವನು ಉಗುಳುವುದನ್ನೇ ಕಾಯುತ್ತ ಕೈಕಟ್ಟಿ ನಿಲ್ಲುತ್ತಾನೆ. ಹಗಲೆಲ್ಲ ಇಷ್ಟು ಗೌರವದಿಂದ ಉಗುಳಿ ಸಂಜೆ ಮನೆಗೆ ಬಂದರೆ, ಅಲ್ಲಿ ನಡೆಯುತ್ತಿದ್ದದ್ದು ಮುದ್ದಿಯ ರಾಜ್ಯಭಾರ!

ಮುದ್ದಿ ಪಕ್ಕದ ಮನೆಯವಳು. ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಹೆಂಗಸರ ಮೇಸ್ತ್ರಿ. ಅವಳು ಗಿಡದ ಈ ಸಾಲಿನಲ್ಲಿ ನಿಂತು ಕೂಗಿದರೆ ಕಣಿವೆಯಾಚೆಯ ಎಸ್ಟೇಟಿನವರೂ ಕೈ ಬೇಗ ಬೇಗ ಆಡಿಸುತ್ತಾರೆ ಎಂದು ಮಾತಿದೆ. ಗೋಮತಿ ದೇವಸ್ಥಾನದ ಪೂಜೆ ಮಾಡುವವರ ಮನೆಯ ಮಗಳು. ಸಕ್ಕರೆ ಬೇಕೇ ಎಂದು ಕೇಳಿದರೂ ಉತ್ತರವನ್ನು ಮನಸ್ಸಿನಲ್ಲಿ ಒಮ್ಮೆ ತೊಳೆದು, ಒಣಗಿಸಿ, ಆಮೇಲೆ ಹೊರಗೆ ತೆಗೆಯುವವಳು. ಇವರಿಬ್ಬರಿಗೆ ಅದು ಹೇಗೆ ಹೊಂದಿಕೆಯಾಯಿತೋ! ಹೊಂದಿಸಿದ್ದು ಒಂದು ಹಿಂದಿ ಧಾರಾವಾಹಿ.

ಮುದ್ದಿಯ ಟೀವಿ ಒಂದು ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿತ್ತು. ಗೋಮತಿಯ ಟೀವಿ ಬದುಕಿತ್ತು, ಆದರೆ ಅದರ ಡಿಶ್ಶಿನಲ್ಲಿ ಬರುತ್ತಿದ್ದದ್ದು ಬಹುಪಾಲು ಹಿಂದಿ. ಹೀಗಾಗಿ ಒಂದು ಮನೆಯ ಟೀವಿ, ಇನ್ನೊಂದು ಮನೆಯ ಕಿವಿ ಎಂದು ಒಪ್ಪಂದವಾಯಿತು. ಏಕೆಂದರೆ ಮುದ್ದಿಗೆ ಹಿಂದಿ ಬರುತ್ತಿತ್ತು. ಎಸ್ಟೇಟಿನ ಲೈನುಮನೆಗಳಲ್ಲಿ ಜಾರ್ಖಂಡಿನಿಂದ ಬಂದ ಕೆಲಸದವರಿದ್ದರು. ಅವರಿಂದ ಕಲಿತ ಹಿಂದಿ. ಬೇಗ ಬಾ, ಚೀಲ ಎತ್ತು, ನೀರು ಕುಡಿ, ನಾಳೆ ರಜೆ ಇಲ್ಲ. ಇಷ್ಟರ ಬಲದ ಮೇಲೆ ಅವಳು ಒಂದು ಇಡೀ ಧಾರಾವಾಹಿಯನ್ನು ಹೆಗಲ ಮೇಲೆ ಹೊತ್ತಿದ್ದಳು.

ಧಾರಾವಾಹಿಯ ಹೆಸರು ಉದ್ದಕ್ಕಿತ್ತು. ಆ ಎರಡು ಮನೆಗಳಲ್ಲಿ ಅದಕ್ಕೆ 'ಬಿಜ್ಲಿ' ಎಂದೇ ಹೆಸರು. ಕಥೆ ಕಾನ್ಪುರದ ಇಬ್ಬರು ಹುಡುಗಿಯರದ್ದು. ನಮ್ರತಾ ಶ್ರೀಮಂತ ಮಿಠಾಯಿ ಅಂಗಡಿಯವರ ಮಗಳು, ಮಾತು ಕಡಿಮೆ, ಕಣ್ಣು ಸದಾ ನೆಲದ ಮೇಲೆ. ಬಿಜ್ಲಿ ಬಸ್‌ಸ್ಟ್ಯಾಂಡಿನಲ್ಲಿ ಆಟೋ ಓಡಿಸುವವಳು, ಬಾಯಿ ತೆರೆದರೆ ಟ್ರಾಫಿಕ್ ನಿಲ್ಲುತ್ತದೆ. ಇಬ್ಬರೂ ಸೇರಿ ಊಟದ ಡಬ್ಬಿ ಕಳಿಸುವ ಒಂದು ಸಣ್ಣ ಅಡುಗೆಮನೆ ಶುರು ಮಾಡುತ್ತಾರೆ.

ಇದು ಕಾನ್ಪುರದ ಕಥೆ. ಬಿಟ್ಟಂಗಾಲ ತಲುಪುವ ಹೊತ್ತಿಗೆ ನಮ್ರತಾ ಎಸ್ಟೇಟ್ ಬಂಗಲೆಯ ಮಗಳಾಗಿದ್ದಳು, ಬಿಜ್ಲಿ ಮೇಸ್ತ್ರಿಯಾಗಿದ್ದಳು. ನಮ್ರತಾಳ ತಂದೆ, ದಪ್ಪ ಮೀಸೆಯ ಮನುಷ್ಯ, ಕೊಯ್ದ ಹಣ್ಣಿನ ಲೆಕ್ಕ ಬರೆಯುತ್ತ ತೂಕದಲ್ಲಿ ಮೋಸ ಮಾಡುವ ಎಸ್ಟೇಟ್ ರೈಟರ್ ಆಗಿದ್ದ. ಗೋಮತಿ ವರ್ಷವಿಡೀ ಅವನಿಗೆ ಶಾಪ ಹಾಕಿದ್ದಳು. ನ್ಯಾಯಾಲಯದ ದೃಶ್ಯ ಬಂದಾಗ ಮುದ್ದಿ, ಇದು ನಮ್ರತಾಳ ಮದುವೆ ಮಾತುಕತೆ, ಎತ್ತರದಲ್ಲಿ ಕೂತಿರುವುದು ಹುಡುಗನ ಸೋದರಮಾವ ಎಂದು ವಿವರಿಸಿದಳು. ಮಾತುಕತೆ ಮುಗಿಯಿತೆಂದು ಗೋಮತಿ ಮಾರನೆಯ ದಿನ ಪಾಯಸ ಮಾಡಿದಳು. ಯಾರಿಗೂ ಹುಟ್ಟುಹಬ್ಬವಿಲ್ಲದ ದಿನ ಪಾಯಸ ಯಾಕೆಂದು ಕೇಳದೆ ವಿಷ್ಣುಪ್ರಸಾದ್ ಎರಡು ಬಟ್ಟಲು ತಿಂದಿದ್ದ.

ಇಷ್ಟು ದಿನ ಅವನು ಪೇಪರಿನ ಹಿಂದೆ ಕೂತು ಕೇಳಿಯೂ ಕೇಳದಂತೆ ಇದ್ದ. ಆದರೆ ಅವನಿಗೆ ಹಿಂದಿ ಬರುತ್ತಿತ್ತು, ಅದೇ ಕಷ್ಟ. ಶಾಲೆಯ ದಿನಗಳಲ್ಲಿ ಹಿಂದಿ ಪರೀಕ್ಷೆಗಳನ್ನು ಒಂದರ ಮೇಲೊಂದು ಪಾಸು ಮಾಡಿ ಪ್ರಮಾಣಪತ್ರಗಳನ್ನು ಗೋಡೆಗೆ ಹಾಕಿಸಿದ್ದ. ಟೀವಿಯಲ್ಲಿ ಒಂದು ಮಾತು, ಮುದ್ದಿಯ ಬಾಯಲ್ಲಿ ಇನ್ನೊಂದು ಮಾತು. ಅರೇಬಿಕಾ ಎಂದು ಬರೆದ ಚೀಲದಿಂದ ರೋಬಸ್ಟಾ ಸುರಿದ ಹಾಗೆ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಶನಿವಾರ, ಬಿಜ್ಲಿಯ ಅಜ್ಜಿ ಸತ್ತ ದೃಶ್ಯಕ್ಕೆ ಮುದ್ದಿ "ಅಜ್ಜಿ ಸುಸ್ತಾಗಿ ಮಲಗಿದ್ದಾಳೆ, ಪಿಕ್ಕಿಂಗ್ ಸೀಸನ್ ಅಲ್ವಾ" ಎಂದಳು. ಅಲ್ಲಿಗೆ ಅವನ ತಾಳ್ಮೆಯ ಚೀಲ ಬಿಚ್ಚಿಹೋಯಿತು.

ಸೋಮವಾರ ಸಂಜೆ ಮುದ್ದಿ ಎಂದಿನಂತೆ ಕೈಕಾಲು ತೊಳೆದು, ಬೇಯಿಸಿದ ಗೆಣಸಿನ ಪಾತ್ರೆ ಹಿಡಿದು ಬಂದಳು. ಗೋಮತಿ ಎಂದಿನಂತೆ ಬೆಲ್ಲದ ಕಾಫಿ ತಂದಿಟ್ಟಳು. ಬೆಲ್ಲ ಹಾಕಿದರೆ ಕಾಫಿಯ ನಿಜವಾದ ರುಚಿ ಮುಚ್ಚಿಹೋಗುತ್ತದೆಂದು ವಿಷ್ಣುಪ್ರಸಾದ್ ಎಂದಿನಂತೆ ಹೇಳಿದ. ಎಂದಿನಂತೆ ಇರದಿದ್ದದ್ದು ಒಂದೇ: ಮುದ್ದಿ ಕೂರುತ್ತಿದ್ದ ಜಾಗದಲ್ಲಿ ಅವನು ಕುರ್ಚಿ ಹಾಕಿಕೊಂಡು, ಶಬ್ದಕೋಶವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಇವತ್ತಿನಿಂದ ನಾನು ಹೇಳ್ತೇನೆ. ನೀನೂ ಆರಾಮವಾಗಿ ನೋಡಬಹುದು ಮುದ್ದಿ."

"ಹೇಳಿ ಭಟ್ರೇ. ನನ್ನ ಗಂಟಲಿಗೂ ರಜೆ ಸಿಗಲಿ" ಎಂದು ಅವಳು ನಗುತ್ತಲೇ ಚಾಪೆಯ ಮೇಲೆ ಕೂತಳು.

ಅವನು ಹೇಳಿದ. ನಿಖರವಾಗಿ ಹೇಳಿದ. "ಅವಳು ಹೇಳಿದಳು, ನೀನು ಒಳಗೆ ಬರಬೇಕಾಗಿತ್ತು. ಇವಳು ಹೇಳಿದಳು, ನಾನು ಬರಲು ಇಚ್ಛಿಸಲಿಲ್ಲ. ಅವಳು ಹೇಳಿದಳು, ಇಚ್ಛೆ ಅಂದರೆ, ಇಲ್ಲಿ ಇಚ್ಛೆ ಅನ್ನುವುದಕ್ಕಿಂತ ಸ್ವಲ್ಪ ಬೇರೆ, ತಡಿ..." ಸರಿಯಾದ ಶಬ್ದ ಶಬ್ದಕೋಶದಿಂದ ಹೊರಬರುವ ಹೊತ್ತಿಗೆ ತೆರೆಯ ಮೇಲೆ ಒಬ್ಬಳು ಅತ್ತು ಮುಗಿಸಿ ಸೋಪಿನ ಜಾಹೀರಾತು ಶುರುವಾಗಿತ್ತು.

ಜಾಹೀರಾತಿನ ಹೊತ್ತಿನಲ್ಲಿ ಅವನು ಹಳೆಯ ತಪ್ಪುಗಳನ್ನು ತಿದ್ದಿದ. ಮೀಸೆಯವನು ರೈಟರ್ ಅಲ್ಲ, ನಮ್ರತಾಳ ಸ್ವಂತ ತಂದೆ. ಗೋಮತಿ ಬಾಯಿಗೆ ಸೆರಗು ಹಿಡಿದಳು. ಇಷ್ಟು ದಿನ ಹಾಕಿದ ಶಾಪವೆಲ್ಲ ಒಬ್ಬ ತಂದೆಯ ತಲೆಗೆ ಹೋಗಿತ್ತಲ್ಲ. ಅದು ಮದುವೆ ಮಾತುಕತೆ ಅಲ್ಲ, ಮನೆ ಹರಾಜಿನ ಕೇಸು. ಗೋಮತಿ ಪಾಯಸ ನೆನೆಸಿಕೊಂಡು ಕಣ್ಣು ಮುಚ್ಚಿದಳು. ಅಜ್ಜಿ ಮಲಗಿಲ್ಲ. ಗೋಮತಿ ಕಾಫಿ ಲೋಟ ಕೆಳಗಿಟ್ಟಳು. ಕ್ಯೂರಿಂಗ್ ವರ್ಕ್ಸಿನಲ್ಲಿ ಕಲ್ಲು, ಕಡ್ಡಿ, ಹುಳ ಹಿಡಿದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಬದಿಗೆ ಸರಿಸುವಾಗಿನ ಆನಂದ ಅವನ ಮುಖದಲ್ಲಿತ್ತು.

"ಮತ್ತೆ ಆ ರೈಲ್ವೇ ಸ್ಟೇಷನ್ನು?" ಗೋಮತಿ ಮೆಲ್ಲಗೆ ಕೇಳಿದಳು. "ಇಬ್ಬರೂ ತಬ್ಬಿಕೊಂಡರಲ್ಲ. ಜಗಳ ಮುಗಿದು ಒಂದಾದದ್ದು ಅಲ್ವಾ ಅದು?"

"ಒಂದಾದದ್ದಾ? ಬೇರೆಯಾದದ್ದು. ತಂದೆಯ ಒತ್ತಾಯಕ್ಕೆ ನಮ್ರತಾ ಆ ಡಬ್ಬಿಯ ವ್ಯಾಪಾರವನ್ನೇ ನಿಲ್ಲಿಸಿದಳು. ಬಿಜ್ಲಿ ಮನಸ್ಸು ಮುರಿದು ಊರು ಬಿಟ್ಟು ಹೋದಳು. ರೈಲು ಹತ್ತಿದ್ದು ಅವಳೇ."

"ಬಿಜ್ಲಿ ಸಾಮಾನು ತರಲು ಪೇಟೆಗೆ ಹೋಗಿದ್ದಾಳೆ ಅಂತ..."

"ಒಂದು ತಿಂಗಳಿಂದ ಸಾಮಾನು ತರ್ತಾ ಇದ್ದಾಳಾ ಗೋಮತಿ?"

ಇದು ಚೆನ್ನಾಗಿದೆಯೆಂದು ಅವನಿಗೇ ಅನಿಸಿತು. ಆದರೆ ಗೋಮತಿಯ ಮುಖ ಬಿಳುಚಿಕೊಂಡಿತ್ತು. ಅವಳು ಮುದ್ದಿಯ ಕಡೆ ನೋಡಿ, "ಹಾಗಾದರೆ ನಾವು ಅಯ್ಯಪ್ಪನಿಗೆ ಕೊಟ್ಟದ್ದು?" ಎಂದಳು.

ಆಗ ಹೊರಬಿತ್ತು. ಆ ಭಾಗದ ಅಯ್ಯಪ್ಪ ದೇವರಕಾಡಿಗೆ ಜನ ಹರಕೆ ಹೊತ್ತು ಮಣ್ಣಿನ ನಾಯಿಗಳನ್ನು ಒಪ್ಪಿಸುತ್ತಾರೆ. ಬೇಟೆಯ ದೇವರಿಗೆ ಬೇಟೆನಾಯಿ. ದನ ಕಳೆದುಹೋದರೆ, ಮಗುವಿಗೆ ಹುಷಾರಿಲ್ಲದಿದ್ದರೆ, ಮನಸ್ಸಿನಲ್ಲಿ ಹೇಳಿಕೊಂಡದ್ದು ನಡೆದರೆ ಒಂದು ಜೋಡಿ ನಾಯಿ. ಹಳೆಯ ಮರಗಳ ಬುಡದಲ್ಲಿ ಪಾಚಿ ಹಿಡಿದು, ಕಿವಿ ಮುರಿದು, ಸಾಲಾಗಿ ಕೂತಿರುತ್ತವೆ. ನಮ್ರತಾ, ಬಿಜ್ಲಿ ಮಾತು ಬಿಟ್ಟಿದ್ದ ದಿನಗಳಲ್ಲಿ ಗೋಮತಿ ಅವರು ಒಂದಾಗಲಿ ಎಂದು ಹರಕೆ ಹೊತ್ತಿದ್ದಳು. ಸ್ಟೇಷನ್ನಿನಲ್ಲಿ ತಬ್ಬಿಕೊಂಡದ್ದೇ ತಡ, ಮುದ್ದಿಯನ್ನು ಕರೆದುಕೊಂಡು ಹೋಗಿ ಜೋಡಿ ನಾಯಿ ಒಪ್ಪಿಸಿ ಕೈಮುಗಿದು ಬಂದಿದ್ದಳು.

"ಸೀರಿಯಲ್ಲಿನ ಹುಡುಗಿಯರಿಗೆ ಹರಕೆಯಾ?" ಎಂದು ವಿಷ್ಣುಪ್ರಸಾದ್ ನಕ್ಕ. ಶಬ್ದಕೋಶ ತೊಡೆಯಿಂದ ಜಾರುವಷ್ಟು ನಕ್ಕ. ನಕ್ಕು ಮುಗಿಸಿ ನೋಡಿದರೆ ನಗುತ್ತಿದ್ದವನು ಅವನೊಬ್ಬನೇ.

"ಆಗದೇ ಇದ್ದದ್ದನ್ನು ಆಯಿತು ಅಂತ ದೇವರ ಮುಂದೆ ಹೇಳಿ ಬಂದ ಹಾಗಾಯ್ತು" ಎಂದಳು ಗೋಮತಿ.

ಮುದ್ದಿ ಎದ್ದು ನಿಂತಿದ್ದಳು. ಅವಳ ಧ್ವನಿ ಮೊದಲ ಬಾರಿಗೆ ಆ ಕೋಣೆಯ ಅಳತೆಗೆ ಇಳಿದಿತ್ತು. "ಅಕ್ಕ, ನಾನು ಸುಳ್ಳು ಹೇಳಿ ನಿಮಗೆ ಮೋಸ ಮಾಡಿದೆ ಅಂತ ನಿಮಗೂ ಅನಿಸ್ತದಾ?"

ಗೋಮತಿ ಯೋಚಿಸಿದಳು. ಅವಳು ಯಾವುದಕ್ಕೂ ಯೋಚಿಸುವವಳು. ಇದಕ್ಕೆ ಹೆಚ್ಚು ಯೋಚಿಸಿದಳು. ಉತ್ತರ ತೊಳೆದು ಒಣಗುವಷ್ಟರಲ್ಲಿ ಮುದ್ದಿ ಚಪ್ಪಲಿ ಮೆಟ್ಟಿ, ಗೇಟು ದಾಟಿ, ಮನೆ ಸೇರಿಯಾಗಿತ್ತು. ಗೆಣಸಿನ ಪಾತ್ರೆ ಚಾಪೆಯ ಮೇಲೆಯೇ ಉಳಿಯಿತು.

ಮಾರನೆಯ ಸಂಜೆ ಮುದ್ದಿ ಬರಲಿಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ. ಗೋಮತಿ ಅವನ ಮೇಲೆ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಹೊತ್ತು ಮುಳುಗುವಾಗ ತಲೆ ಬಾಚಿಕೊಂಡು, "ದೀಪ ಹಚ್ಚಿ ಬರ್ತೇನೆ" ಎಂದು ಹೊರಟುಬಿಡುತ್ತಿದ್ದಳು. ದೇವಸ್ಥಾನಕ್ಕೆ ಹೋಗುತ್ತಿದ್ದಾಳೆ, ಹರಕೆಯ ತಪ್ಪಿಗೆ ದಿನಾ ದೀಪ ಇಡುತ್ತಿದ್ದಾಳೆ ಎಂದು ಅವನು ತಿಳಿದುಕೊಂಡ. ಪಾಪಪ್ರಜ್ಞೆಯಲ್ಲಿ ಬೆಂದುಹೋದ. ಬೆಳಗಿನ ಕಾಫಿಗೆ ಅವಳು ಈಗ ಬೆಲ್ಲ ಹಾಕುತ್ತಿರಲಿಲ್ಲ. ಕಾಫಿಯ ನಿಜವಾದ ರುಚಿ ಅವನಿಗೆ ಸಿಕ್ಕಿತು. ಅಷ್ಟೇನೂ ಚೆನ್ನಾಗಿರಲಿಲ್ಲ.

ಒಂದು ದಿನ ಕೆಲಸದಿಂದ ಬರುವಾಗ ಅವನು ಎಸ್ಟೇಟ್ ಗೇಟಿನ ಬಳಿ ಬಸ್ಸಿಳಿದ. ಮುದ್ದಿ ಕೊಯ್ದ ಹಣ್ಣಿನ ಚೀಲಗಳನ್ನು ತೂಕಕ್ಕೆ ಎತ್ತಿಸುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡು, ತಾನು ಹೇಳಿದ್ದು ಹಿಂದಿಯ ಬಗ್ಗೆ ಮಾತ್ರ, ಅವಳ ಬಗ್ಗೆ ಅಲ್ಲ, ಇವೆರಡರ ನಡುವೆ ವ್ಯತ್ಯಾಸ ಇದೆ ಎಂದು ಸಣ್ಣ ಉಪನ್ಯಾಸವನ್ನೇ ಕೊಟ್ಟ. ಮುದ್ದಿ ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಯಂತ್ರ ಬ್ಯಾಗಲ್ಲಿ ಉಂಟಾ ಭಟ್ರೇ?"

"ತೇವ ಅಳೆಯುವುದಾ? ಇದೆ."

"ಹಾಗಾದರೆ ತೆಗೀರಿ. ನನ್ನ ನಾಲಿಗೆ ಮೇಲಿಟ್ಟು ನೋಡಿ. ತೇವ ಜಾಸ್ತಿ ಇದ್ದರೆ ವಾಪಸ್ ಕಳಿಸಿ, ಒಣಗಿಸಿಕೊಂಡು ಬರ್ತೇನೆ."

ಚೀಲ ಎತ್ತುತ್ತಿದ್ದ ಹೆಂಗಸರೆಲ್ಲ ಹಣ್ಣಿನ ಮೇಲೆ ಬಿದ್ದು ನಕ್ಕರು. ಅವನು ಬ್ಯಾಗನ್ನು ಎದೆಗೆ ಅವಚಿಕೊಂಡು ಮನೆಯವರೆಗೂ ನಡೆದೇ ಹೋದ.

ಹೀಗೆ ಆ ಮನೆಯಲ್ಲಿ ಒಂದೂ ಸುಳ್ಳು ಪ್ರಸಾರವಾಗದ ಕಾಲ ಬಂತು. ಪ್ರಸಾರ ಕೇಳುವವರೂ ಇರಲಿಲ್ಲ. ಸಂಜೆ ಅವನು ಖಾಲಿ ಮನೆಯಲ್ಲಿ ಟೀವಿ ಹಾಕಿಕೊಂಡು ಒಬ್ಬನೇ ಕೂರುತ್ತಿದ್ದ. ಕಾರಣ ಶಾಸ್ತ್ರೀಯವಾದದ್ದೇ: ನಮ್ರತಾ, ಬಿಜ್ಲಿ ಒಂದಾದರೆ ಆ ಸುದ್ದಿಯನ್ನು ಹಿಡಿದುಕೊಂಡು ಗೋಮತಿ, ಮುದ್ದಿ ಇಬ್ಬರ ಬಾಗಿಲಿಗೂ ಹೋಗಬಹುದು. ಪ್ರಯೋಗಾಲಯದಲ್ಲಿ ಬಣ್ಣ ಬದಲಾಗುವುದನ್ನು ಕಾಯುವ ಹಾಗೆ ಅವನು ಕಾದ.

ಕಾಯುತ್ತ ಕಾಯುತ್ತ ಅವನ ಸ್ವಂತ ಬಣ್ಣ ಬದಲಾಯಿತು.

ಮೊದಲು ಅವನು ವ್ಯಾಕರಣ ಕೇಳುತ್ತಿದ್ದ. ಆಮೇಲೆ ಮಾತು ಕೇಳಿದ. ಆಮೇಲೆ ಮಾತಿಲ್ಲದ ಕಡೆಗಳೂ ಕೇಳಿಸತೊಡಗಿದವು. ಬಿಜ್ಲಿ ಇಲ್ಲದ ಅಡುಗೆಮನೆಯಲ್ಲಿ ನಮ್ರತಾ ಎರಡು ಲೋಟ ಚಹಾ ಮಾಡಿ, ಒಂದನ್ನು ಕುಡಿದು, ಇನ್ನೊಂದನ್ನು ತಣ್ಣಗಾದ ಮೇಲೆ ಚೆಲ್ಲಿ, ಮರುದಿನ ಮತ್ತೆ ಎರಡೇ ಮಾಡುವುದನ್ನು ನೋಡಿ ಅವನು ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಅತ್ತ ಹೋಗಿ ಸೇರಿದ್ದ ಲಕ್ನೋದಲ್ಲಿ ಬಿಜ್ಲಿ, ಸಿಕ್ಕಸಿಕ್ಕ ಪ್ರಯಾಣಿಕರಿಗೆಲ್ಲ ಬೈಯುವ ಬಿಜ್ಲಿ, ಮಿಠಾಯಿ ಅಂಗಡಿಯ ಮುಂದೆ ಬಂದಾಗ ಮಾತ್ರ ಆಟೋ ನಿಧಾನ ಮಾಡಿ ಸುಮ್ಮನಾಗುತ್ತಿದ್ದಳು. ಕಥೆ ಬರೆದವರು ಯಾರೋ, ಬಲು ಜಾಣರು ಎಂದುಕೊಂಡ ವಿಷ್ಣುಪ್ರಸಾದ್. ಒಬ್ಬಳನ್ನು ಎತ್ತಲು ಇನ್ನೊಬ್ಬಳನ್ನು ಇಳಿಸಿಲ್ಲ. ಮೌನದವಳಿಗೆ ಹೇಡಿ ಎಂಬ ಹೆಸರಿಲ್ಲ, ಮಾತಿನವಳಿಗೆ ಗಯ್ಯಾಳಿ ಎಂಬ ಹೆಸರಿಲ್ಲ. ಒಬ್ಬಳಲ್ಲಿ ಇಲ್ಲದ್ದು ಇನ್ನೊಬ್ಬಳಲ್ಲಿದೆ. ಅದು ತನ್ನಲ್ಲಿಲ್ಲವೆಂದು ಇಬ್ಬರಿಗೂ ಗೊತ್ತಿದೆ. ಅವನು ಕೆಲಸದಲ್ಲಿ ಎರಡು ತೋಟದ ಕಾಫಿ ಬೆರೆಸಿ ಕುಡಿದು ನೋಡುತ್ತಾನೆ. ಒಂದರ ಹುಳಿ, ಇನ್ನೊಂದರ ಗಡಸು. ಸರಿಯಾಗಿ ಕೂಡಿದರೆ ಎರಡರಲ್ಲೂ ಇಲ್ಲದ ಮೂರನೆಯ ರುಚಿ ಬರುತ್ತದೆ. ಅದು ಬಂದ ದಿನ ಅವನು ಉಗುಳುವುದಿಲ್ಲ, ನುಂಗಿಬಿಡುತ್ತಾನೆ.

ಹಾಗೆ ಅಂದುಕೊಳ್ಳುವಾಗ ಕಣ್ಣ ಮುಂದೆ ಬಂದದ್ದು ಕಾನ್ಪುರದ ಹುಡುಗಿಯರಲ್ಲ. ಒಂದು ಚಾಪೆ, ಬೆಲ್ಲದ ಕಾಫಿ, ಒಬ್ಬಳ ಗದ್ದಲ, ಇನ್ನೊಬ್ಬಳ ತಡವಾಗಿ ಬರುವ ನಗು. ಅದನ್ನು ಸಿಪ್ಪೆ ಎಂದು ತಿಳಿದು ಉದುರಿಸಿ ಎಸೆದವನು ತಾನೇ.

ಮಾಡಬೇಕಾದ್ದು ಸ್ಪಷ್ಟವಾಯಿತು. ಸ್ಯಾಂಪಲ್ ತಪ್ಪಾದರೆ ಇನ್ನೊಂದು ಸ್ಯಾಂಪಲ್ ತೆಗೆಯಬೇಕು. ಅವನ ವೃತ್ತಿಯಲ್ಲಿ ಅದೇ ಪದ್ಧತಿ. ಹರಕೆ ಅವಸರದಲ್ಲಿ ಒಪ್ಪಿಸಿದ್ದಾದರೆ ಇನ್ನೊಂದು ಜೋಡಿ ನಾಯಿ ತರಬೇಕು. ದೇವರಕಾಡಿನ ದಾರಿಯಲ್ಲಿ ಮಡಕೆ, ಹಣತೆ, ಹರಕೆಯ ನಾಯಿ ಮಾಡಿ ಮಾರುವ ನೀಲಾವತಿಯ ಮನೆ. ಶನಿವಾರ ಮಧ್ಯಾಹ್ನವೇ ಕೆಲಸ ಮುಗಿಸಿ ರಸಾಯನಶಾಸ್ತ್ರದ ಪದವೀಧರ ಅವಳ ಅಂಗಳದಲ್ಲಿ ನಿಂತ. ಯಾರಾದರೂ ಗುರುತಿನವರು ನೋಡಿಯಾರೆಂದು ಹಣತೆ ಕೊಳ್ಳುವವನ ಹಾಗೆ ನಾಲ್ಕು ಹಣತೆ ಎತ್ತಿ ನೋಡಿ ಇಟ್ಟು, ಆಮೇಲೆ ಕೇಳಿದ.

ನೀಲಾವತಿ ಬಿಸಿಲಿಗಿಟ್ಟಿದ್ದ ನಾಯಿಗಳಲ್ಲಿ ಎರಡನ್ನು ತೆಗೆದುಕೊಟ್ಟಳು. ಒಂದು ನೇರ ನೋಡುತ್ತಿತ್ತು, ಇನ್ನೊಂದರ ತಲೆ ಸ್ವಲ್ಪ ವಾಲಿತ್ತು.

"ಇದು ಸೊಟ್ಟ ಅಲ್ವಾ?" ಎಂದ.

"ಬೊಗಳುವಾಗ ನಾಯಿ ನೇರ ನಿಲ್ತದಾ ಸಾರ್?" ಎಂದು ಅವಳು ಪೇಪರು ಸುತ್ತಿದಳು. "ನಿಮ್ಮ ಮನೆಯಲ್ಲಿ ಏನು ವಿಶೇಷ? ನಿನ್ನೆ ತಾನೇ ನಿಮ್ಮ ಮನೆಯವರು, ಆ ಮೇಸ್ತ್ರಿ ಮುದ್ದಿ, ಇಬ್ಬರೂ ಬಂದು ಒಂದು ಜೋಡಿ ತಗೊಂಡು ಹೋದ್ರು. ತಪ್ಪುಕಾಣಿಕೆ ಅಂತೆ. ತಪ್ಪುಕಾಣಿಕೆಗೆ ಬಂದವರು ಅಷ್ಟು ನಗುವುದು ನಾನು ನೋಡಿಲ್ಲ."

ವಿಷ್ಣುಪ್ರಸಾದನ ಕೈಯಲ್ಲಿ ನಾಯಿಗಳು ಭಾರವಾದವು. "ಇಬ್ಬರೂ? ಒಟ್ಟಿಗೆ?"

"ಒಟ್ಟಿಗೆ ಅಂದರೆ? ಒಂದೇ ಛತ್ರಿಯಲ್ಲಿ."

ಸಂಜೆ ಗೋಮತಿ ತಲೆ ಬಾಚಿಕೊಂಡು, ದೀಪ ಹಚ್ಚಿ ಬರ್ತೇನೆ ಎಂದು ಹೊರಟಳು. ಯಾರ ಮನೆಯ ದೀಪ ಎಂದು ತಾನು ಒಂದು ದಿನವೂ ಕೇಳಿರಲಿಲ್ಲವಲ್ಲ ಎಂದು ಅವನಿಗೆ ಈಗ ಹೊಳೆಯಿತು. ಅಳೆಯದೆಯೇ ತೀರ್ಪು ಕೊಟ್ಟಿದ್ದ! ಸ್ವಲ್ಪ ಹೊತ್ತು ಬಿಟ್ಟು, ನಾಯಿಗಳ ಚೀಲ ಹಿಡಿದು ಅವಳ ಹಿಂದೆ ಹೊರಟ. ದೇವಸ್ಥಾನದ ದಾರಿ ಎಡಕ್ಕಿತ್ತು. ಗೋಮತಿ ಬಲಕ್ಕೆ ತಿರುಗಿ ಮುದ್ದಿಯ ಮನೆ ಹೊಕ್ಕು, ದೇವರ ಪಟದ ಮುಂದೆ ದೀಪ ಹಚ್ಚಿ, ಸ್ವಂತ ಮನೆಯ ಹಾಗೆ ಒಲೆಯ ಮೇಲೆ ಕಾಫಿಗೆ ನೀರಿಟ್ಟಳು.

ಅವನು ಕಿಟಕಿಯ ಬಳಿ, ಮೆಣಸಿನ ಬಳ್ಳಿ ಹಬ್ಬಿದ್ದ ಮರದ ಮರೆಯಲ್ಲಿ ನಿಂತ. ಒಳಗೆ ಮುದ್ದಿಯ ಮೊಬೈಲು ಒಂದು ಚೊಂಬಿಗೆ ಒರಗಿ ಕೂತಿತ್ತು. ಅಂಗೈಯಷ್ಟು ತೆರೆಯಲ್ಲಿ ಬಿಜ್ಲಿ. ನೆಟ್‌ವರ್ಕು ಆಗಾಗ ಹೋಗುತ್ತಿತ್ತು. ಚಿತ್ರ ನಿಂತರೂ ಕಥೆ ಮಾತ್ರ ನಿಲ್ಲುತ್ತಿರಲಿಲ್ಲ. ಮುದ್ದಿಯ ಸಿಗ್ನಲ್ ಗಟ್ಟಿಯಾಗಿತ್ತು.

ತೆರೆಯ ಮೇಲೆ ಕನ್ನಡಕದ ಒಬ್ಬ ವಕೀಲ ಬಂದ. ಮುದ್ದಿ ಗೆಣಸು ಸುಲಿಯುತ್ತ, "ಬಂದ ನೋಡಿ ಅಕ್ಕ, ಆ ಅಳತೆಗಾರ" ಎಂದಳು. "ಎಲ್ಲವನ್ನೂ ಅಳೆಯುವವನು. ಹೂವು ಕೊಟ್ಟರೆ ತೂಗಿ ನೋಡ್ತಾನೆ. ಇಬ್ಬರು ಹುಡುಗಿಯರು ಚೆಂದಕ್ಕೆ ಇದ್ದಲ್ಲಿ ಪುಸ್ತಕ ಹಿಡಿದು ಬಂದು ಬೇರೆ ಮಾಡಿದ್ದೇ ಇವನು. ಇನ್ನು ಇವನ ಕಥೆ ಮುಗೀತು."

ವಿಷ್ಣುಪ್ರಸಾದ್ ಮರದ ಹಿಂದೆ ಕನ್ನಡಕ ಸರಿಮಾಡಿಕೊಂಡ. ತೆರೆಯ ಮೇಲೆ ವಕೀಲನೂ ಸರಿಮಾಡಿಕೊಂಡ.

ಒಳಗೆ ಗೋಮತಿ ಯೋಚಿಸುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಅವಳ ಉತ್ತರಕ್ಕಾಗಿ ಅವನು ಇಷ್ಟು ಉಸಿರು ಬಿಗಿಹಿಡಿದು ಎಂದೂ ಕಾದಿರಲಿಲ್ಲ.

"ಮನುಷ್ಯ ಕೆಟ್ಟವನಲ್ಲ ಮುದ್ದಿ" ಎಂದಳು ಕೊನೆಗೆ. "ಪ್ರೀತಿ ಇದ್ದಲ್ಲೇ ಅಳೆಯುವುದು ಅವನು. ಬೇರೆ ದಾರಿ ಗೊತ್ತಿಲ್ಲ, ಅಷ್ಟೇ. ಏನೂ ಮಾಡಬೇಡ ಅವನಿಗೆ."

ಆ ಹೊತ್ತಿಗೆ ಚೀಲದೊಳಗೆ ನಾಯಿಗೆ ನಾಯಿ ತಾಗಿ ಟಣ್ಣೆಂದಿತು. ಮುದ್ದಿ ಕಿಟಕಿಯಿಂದ ಇಣುಕಿ ನೋಡಿದಳು. ಅವಿತುಕೊಳ್ಳಲು ಮರ ಸಾಕಾಗಲಿಲ್ಲ.

"ಒಳಗೆ ಬನ್ನಿ ಭಟ್ರೇ. ಬಳ್ಳಿಗೆ ಕಾಲು ತಾಗಿಸಬೇಡಿ, ಮೆಣಸು ಉದುರ್ತದೆ."

ಅವನು ಒಳಗೆ ಹೋಗಿ ಚೀಲ ಬಿಚ್ಚಿ ನಾಯಿಗಳನ್ನು ಮೊಬೈಲಿನ ಪಕ್ಕ ಇಟ್ಟ. ವಾಲಿದ ತಲೆಯದರ ಒಂದು ಕಿವಿ ಮುರಿದಿತ್ತು. ಗೋಮತಿ ನಾಯಿಗಳನ್ನು ನೋಡಿದಳು, ಗಂಡನನ್ನು ನೋಡಿದಳು, ನಗು ತಡೆದುಕೊಂಡಳು.

"ಯಾರಿಗೆ ಹರಕೆ?"

"ಬಿಜ್ಲಿಗೆ" ಎಂದ. ಸ್ವಲ್ಪ ತಡೆದು, "ನಮ್ರತಾಗೂ" ಎಂದ.

"ಸೀರಿಯಲ್ಲಿನ ಹುಡುಗಿಯರಿಗೆ ಹರಕೆಯಾ ಭಟ್ರೇ?" ಎಂದು ಮುದ್ದಿ ಅವನದೇ ಧ್ವನಿಯಲ್ಲಿ ಕೇಳಿದಳು. ಅವನ ಮುಖ ನೋಡಿ ಕನಿಕರ ಬಂದಿರಬೇಕು, ಚಾಪೆಯಲ್ಲಿ ಜಾಗ ಬಿಟ್ಟಳು. ತಾನೇನೂ ಸಿಟ್ಟು ಇಟ್ಟುಕೊಂಡಿಲ್ಲ ಎಂದಳು. ಆ ಸೋಮವಾರದ ಮಾರನೆಯ ಸಂಜೆಯೇ ಗೋಮತಿಯಕ್ಕ ಗೆಣಸಿನ ಪಾತ್ರೆ ತೊಳೆದು ಹಿಡಿದುಕೊಂಡು ಬಾಗಿಲಲ್ಲಿ ನಿಂತು, "ಇಲ್ಲ ಮುದ್ದಿ, ನನಗೆ ಹಾಗೆ ಅನಿಸುವುದಿಲ್ಲ" ಎಂದರಂತೆ. "ನಾನು ಏನು ಕೇಳಿದ್ದೆ ಅಂತ ನನಗೇ ಮರೆತುಹೋಗಿತ್ತು!"

"ಹಾಗಾದರೆ ಎಸ್ಟೇಟ್ ಗೇಟಿನ ಹತ್ತಿರ ನನಗೆ ಹಾಗೆ ಅಂದದ್ದು?"

"ಅದು ನಿಮಗೆ. ಅಕ್ಕನ ಲೆಕ್ಕ ಬೇರೆ, ನಿಮ್ಮ ಲೆಕ್ಕ ಬೇರೆ. ಶ್, ಬಂದಳು."

ತೆರೆಯ ಮೇಲೆ ಬಿಜ್ಲಿ ಕಾನ್ಪುರಕ್ಕೆ ಬಂದಿದ್ದಳು. ಹಳೆಯ ಅಡುಗೆಮನೆಯ ಹೊಸ್ತಿಲು. ಒಳಗೆ ನಮ್ರತಾ, ಒಲೆಯ ಮುಂದೆ, ಎರಡು ಲೋಟ ಚಹಾ. ಗೋಮತಿ ತೆರೆಯಿಂದ ಕಣ್ಣು ತೆಗೆಯದೆ ಗಂಡನ ಕೈಗೊಂದು ಲೋಟ ಬೆಲ್ಲದ ಕಾಫಿ ಕೊಟ್ಟಳು. ಆಮೇಲೆ ಬಿಜ್ಲಿ ಹೇಳಿದಳು. ಶುದ್ಧ, ಸರಳ ಹಿಂದಿ. ಶಬ್ದಕೋಶ ಬೇಕಾಗಿರಲಿಲ್ಲ. ನಿನ್ನನ್ನು ಕ್ಷಮಿಸಿದ್ದೇನೆ, ಆದರೆ ನಾನು ವಾಪಸ್ ಬರುವುದಿಲ್ಲ. ಸಾಮಾನು ತೆಗೆದುಕೊಂಡು ಹೋಗಲು ಬಂದೆ.

ಅಲ್ಲಿಗೆ ಸರಿಯಾಗಿ ಚಿತ್ರ ನಿಂತಿತು.

ಮುದ್ದಿ ಗಂಟಲು ಸರಿಮಾಡಿಕೊಂಡಳು. "ಬಿಜ್ಲಿ ಹೇಳ್ತಾಳೆ, ಸಾಮಾನೆಲ್ಲ ತಂದಾಯ್ತು. ಪೇಟೆಯಲ್ಲಿ ಸ್ವಲ್ಪ ತಡ ಆಯ್ತು, ಬಯ್ಯಬೇಡ. ಚಹಾ ಕೊಡು, ಆರಿಹೋಗ್ತದೆ."

ಗೋಮತಿ ಕಣ್ಣೊರೆಸಿಕೊಂಡಳು. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಮುದ್ದಿಯೂ ತಿರುಗಿದಳು. ಎರಡು ಮಣ್ಣಿನ ನಾಯಿಗಳೂ ಅವನನ್ನೇ ನೋಡುತ್ತಿದ್ದವು.

"ನಿಮಗೆ ಹಿಂದಿ ಬರ್ತದಲ್ಲ" ಎಂದಳು ಗೋಮತಿ. "ಹೇಳಿ. ಮುದ್ದಿ ಹೇಳಿದ್ದು ಸರಿಯಾ?"

ತನ್ನ ಮನೆಯ ಗೋಡೆಯ ಮೇಲಿನ ಪ್ರಮಾಣಪತ್ರಗಳೆಲ್ಲ ಒಮ್ಮೆ ಅವನ ಕಣ್ಣ ಮುಂದೆ ಹಾದುಹೋದವು. ಅವನು ಬೆಲ್ಲದ ಕಾಫಿಯನ್ನು ಸೊರ್ರೆಂದು ಹೀರಿ, ಬಾಯಲ್ಲಿ ಆಡಿಸಿ, ನುಂಗಿದ.

"ಅಕ್ಷರಶಃ" ಎಂದ.

ಮುದ್ದಿ ಗೆಣಸಿನ ಪಾತ್ರೆಯನ್ನು ಅವನ ಕಡೆಗೆ ಸರಿಸಿದಳು.

"ಹೋಗಲಿ ಬಿಡಿ ಅಕ್ಕ, ಆ ಅಳತೆಗಾರ ಬದುಕಿಕೊಳ್ಳಲಿ. ನಾಳೆ ಅವನನ್ನು ಆನೆ ಕೈಲಿ ತುಳಿಸುವ ಅಂತ ಇದ್ದೆ."